ಕತ್ತಿನ ಅಳತೆ

ಹನ್ನೆರಡು ವರ್ಷ ಅದರೊಳಗೆ ರಿವೆಟ್ಟು ತುಂಬಿಟ್ಟಿದ್ದೆ:
ಜೀನ್ಸಿನ ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ಗುಂಡಿ,
ಒಂದಿಷ್ಟು ಜಿಪ್ಪಿನ ತಲೆ, ಮುರಿದ ಸೂಜಿ.
ದೀಪಾವಳಿಗೆ ಸಾಹುಕಾರರು ಕೊಟ್ಟ ಗಾಜಿನ ಹೂದಾನಿ.
ಎಲ್ಲರಿಗೂ ಸ್ಟೀಲಿನ ಡಬ್ಬಿ;
ಆ ವರ್ಷ ಡಬ್ಬಿ ಒಂದು ಕಡಿಮೆ ಬಿದ್ದಿತ್ತು.

ಇವತ್ತು ಕರೆಂಟಿಲ್ಲ, ಯೂನಿಟ್ಟಿಗೆ ರಜ.
ಕೌಲ್ ಬಜಾರಿನ ಅಷ್ಟೂ ಮಿಷಿನ್ನು ಒಟ್ಟಿಗೆ ಬಾಯಿ ಮುಚ್ಚಿದರೆ
ಕಿವಿಗೆ ಏನೋ ಕಳಕೊಂಡ ಹಾಗೆ.
ರಿವೆಟ್ಟನ್ನೆಲ್ಲ ತಟ್ಟೆಗೆ ಸುರಿದೆ.
ಕಾರಣ ಕೇಳಬೇಡಿ,
ಇದ್ದಿದ್ದರೆ ನಾನೇ ಮೊದಲು ಹೇಳುತ್ತಿದ್ದೆ.

ಟೇಪು ಸುತ್ತಿದೆ.
ಬಾಯಿ ಐದು ಇಂಚು, ಕತ್ತು ನಾಲ್ಕು,
ಹೊಟ್ಟೆ ಹನ್ನೊಂದು, ಎತ್ತರ ಒಂಬತ್ತು.
ಇಪ್ಪತ್ತೆಂಟು ಮೂವತ್ತು ಮೂವತ್ತೆರಡರ ಸೊಂಟ ಬಿಟ್ಟು
ಬೇರೆ ಅಂಕಿ ನೋಡದ ಟೇಪು ಕೈಯಲ್ಲಿ ಜಾರಿತು.

ಮಂಟಪ ಕಟ್ಟುವ ಹುಡುಗನೊಬ್ಬ ಹಿಂದೆ ಹೇಳಿದ್ದ:
ದಾನಿಯ ಒಂದೂವರೆ ಪಟ್ಟು ಕಡ್ಡಿಯ ಉದ್ದ,
ಹೂವು ಯಾವಾಗಲೂ ಬೆಸ.
ಎಷ್ಟು ಬೆಸ ಎಂದು ಹೇಳಿರಲಿಲ್ಲ.

ಪಕ್ಕದ ಶೇಕ್ಷಾವಲಿಯ ಮಕ್ಕಳ ಪೆನ್ಸಿಲು ತಂದು ನಿಲ್ಲಿಸಿದೆ.
ಐದಕ್ಕೆ ಒಂದೊಂದೂ ಒಂದೊಂದು ದಿಕ್ಕಿಗೆ ಬಿತ್ತು,
ಜಗಳವಾಡಿದ ಓರಗಿತ್ತಿಯರ ಹಾಗೆ.
ಹದಿಮೂರಕ್ಕೆ ಉಸಿರಾಡಲೂ ಸಂದಿಲ್ಲ.
ಒಂಬತ್ತಕ್ಕೆ ಒಂದನ್ನೊಂದು ಆತುಕೊಂಡು ನಿಂತವು.
ಅಷ್ಟರಲ್ಲಿ ಸಣ್ಣವನು ಬಂದ:
"ಹೋಮ್‌ವರ್ಕ್ ಐತಿ, ಕೊಡ್ರೀ."

ಒಂಬತ್ತು ಸರಿ. ಆದರೆ ಕಟಿಂಗ್ ಮಾಸ್ತರ ಗಾದಿಲಿಂಗನ ಮಾತು:
ನೂರಕ್ಕೆ ಮೂರು ಹೆಚ್ಚಿಗೆ ಕತ್ತರಿಸು, ಹಾಳಾಗುವುದಕ್ಕೆ ಅಂತ.
ಒಂಬತ್ತಕ್ಕೆ ಲೆಕ್ಕ ಹಾಕಿದರೆ ಕಾಲು ಹೂವೂ ಆಗುವುದಿಲ್ಲ.
ಆದರೆ ಹೂವು ಡೆನಿಮ್ ಅಲ್ಲ,
ಇದು ಬಳ್ಳಾರಿಯ ಮೇ ತಿಂಗಳು.
ಗುಡ್ಡದ ಬಂಡೆ ರಾತ್ರಿ ಹತ್ತಕ್ಕೂ ಹಂಚಿನ ಹಾಗೆ ಕಾಯುತ್ತದೆ.
ಬಜಾರಿನಿಂದ ಮನೆಗೆ ಬರುವಷ್ಟರಲ್ಲಿ ಎರಡು ಸಾಯುತ್ತವೆ ಎಂದು ಹಿಡಿ:
ಹನ್ನೊಂದು.

ಹನ್ನೊಂದು ಕಡ್ಡಿ, ಹತ್ತರಂತೆ ನೂರಾಹತ್ತು;
ಅಂದರೆ ಇಪ್ಪತ್ತೆರಡು ಪ್ಯಾಂಟಿನ ಬೆಲ್ಟು ಪಟ್ಟಿ.
ಮೇಲೆ ದಿನಕ್ಕೆ ಒಂದೂವರೆ ಚೊಂಬು ನೀರು.
ನಲ್ಲಿ ಬಂದು ಆರು ದಿನ, ಬರಲು ಇನ್ನೂ ಮೂರು.
ಅಕ್ಕಿ ತೊಳೆದ ನೀರು ಆದೀತೇ? ಆಗಲಿ.
ನಾವು ಕುಡಿದದ್ದೆಲ್ಲ ಏನು ಗಂಗೆಯೇ.

ಹೂವಿನ ಬಜಾರಿನಲ್ಲಿ ಖಾಜಾಬಿ
"ಎಷ್ಟು ಮೊಳ ಅಕ್ಕಾ?" ಎಂದು ಕೈ ಚಾಚಿದವಳು
ನನ್ನ ಹಣೆ ನೋಡಿ ಮಡಿಸಿಕೊಂಡಳು.
ಮಡಿಸಿಕೊಂಡದ್ದು ಗೊತ್ತಾಗದಿರಲೆಂದು
ಮೊಳಕೈ ಕೆರೆದುಕೊಂಡಳು.
"ದೇವ್ರಿಗೇನು?"
ಅಲ್ಲ.
"ಯಾರ್ದಾರ ಮದಿವಿಗೆ?"
ಅಲ್ಲ. ಹೂದಾನಿಗೆ.
ಮೊಳ ಬೇಡ, ಎಣಿಸಿ ಕೊಡು. ಸುಗಂಧರಾಜ, ಹನ್ನೊಂದು.

ಮಾರು ಹಾಕಿಯೇ ಬದುಕಿದ ಕೈ ಅದು,
ಒಂದೊಂದಾಗಿ ಎಣಿಸುವುದು ಹೊಸದು.
ನಾಲ್ಕಕ್ಕೆ ಅವಳ ನಾಲಿಗೆ ಉರ್ದುವಿಗೆ ಹೊರಳಿತು,
ಎಂಟಕ್ಕೆ ತಪ್ಪಿ ಮತ್ತೆ ಮೊದಲಿನಿಂದ.
ನಾನೂ ಅವಸರ ಮಾಡಲಿಲ್ಲ.
ದುಡ್ಡು ಕೊಟ್ಟು ತಿರುಗಿದರೆ
"ತಡಿಯಕ್ಕಾ, ಕೊಸರು" ಎಂದು
ಕಾಕಡಾ ಮಾಲೆಯಿಂದ ಗೇಣುದ್ದ ಹರಿದು
ಎಲೆಯಲ್ಲಿ ಸುತ್ತಿ ಚೀಲಕ್ಕೆ ತುರುಕಿದಳು.
ಮುಖ ನೋಡಲಿಲ್ಲ ಅವಳು. ನಾನೂ ನೋಡಲಿಲ್ಲ.

ಲೆಕ್ಕ ತಪ್ಪಿತು: ದಾರಿಯಲ್ಲಿ ಒಂದೂ ಸಾಯಲಿಲ್ಲ.
ಹನ್ನೊಂದನ್ನೂ ಇಟ್ಟೆ, ಸ್ವಲ್ಪ ಇರುಕಾಯಿತು,
ಇರಲಿ, ನಾಳೆಗೆ ತಾವೇ ಜಾಗ ಮಾಡಿಕೊಳ್ಳುತ್ತವೆ.
ನೀಲಿ ಬಣ್ಣ ಹತ್ತಿದ ನನ್ನ ಬೆರಳು
ಗಾಜಿನಾಚೆ ನೀರಿನಲ್ಲಿ ದಪ್ಪಗೆ ಕಂಡಿತು.

ಕೊಸರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.
ದಾನಿಯ ಕತ್ತಿಗೇ ಸುತ್ತಿದೆ.
ಕತ್ತು ನಾಲ್ಕು ಇಂಚು, ಗೇಣು ಒಂಬತ್ತು:
ಎರಡು ಸುತ್ತು ಬಂದು
ಒಂದು ಇಂಚು ಮಿಕ್ಕಿತು.

ಅಷ್ಟರಲ್ಲಿ ಕರೆಂಟು ಬಂತು,
ಓಣಿಯ ಮಿಷಿನ್ನೆಲ್ಲ ಒಮ್ಮೆಲೇ ಗುರ್ರೆಂದವು.
ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆ,
ಮಿಕ್ಕ ಇಂಚು ಎಲ್ಲಿಗೆ ಹೋಯಿತು,
ಅದರ ಲೆಕ್ಕ
ನಾನು ಯಾರಿಗೂ ಕೊಡಬೇಕಿಲ್ಲ.